ತಗಡಿನ ಮಾಡಿನ ನೀಲಿ

ಗೋಡೆಯ ಮೇಲೆ ಅಂಗೈ ಒತ್ತಿ ಹಿಡಿದರೆ ನೀಲಿ ಬಣ್ಣ ಕರಗಿ, ಅದರಡಿ ನಾನು ಬರೆದ ಮರ ಕಾಣಿಸಬೇಕಿತ್ತು. ಕೈ ತೆಗೆದರೆ ಮರ ಮೆಲ್ಲನೆ ನೀಲಿಯೊಳಗೆ ಮರೆಯಾಗಬೇಕಿತ್ತು. ಡಿಸೆಂಬರಿನಲ್ಲಿ ಬಾಯಾರಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಹಲಗೆಗೆ ಬಳಿದು ನೋಡಿದಾಗ ಎಲ್ಲವೂ ಹಾಗೆಯೇ ಆಗಿತ್ತು. ಮನೆಗೆ ಬಂದವರೆಲ್ಲ ಹಲಗೆ ಮುಟ್ಟಿ, ನಕ್ಕು, ಇನ್ನೊಮ್ಮೆ ಮುಟ್ಟಿ ಹೋಗಿದ್ದರು. ಹಾಗಾಗಿ ಫೆಬ್ರವರಿಯ ಕೊನೆಗೆ ಮಂಗಲ್ಪಾಡಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ, ಮೀನಿನ ಶೆಡ್ಡಿನ ಪಕ್ಕದ ಗೋಡೆಗೆ ಕೊನೆಯ ಕೋಟು ಬಳಿದು ಮುಗಿಸಿದ ಸಂಜೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿದು ನೋಡಿದರೆ ಗೋಡೆಯಲ್ಲಿ ನೀಲಿಯೇ ಇಲ್ಲ. ನಾನು ಬಚ್ಚಿಟ್ಟಿದ್ದ ಮರ, ಹಕ್ಕಿ, ಬಾವಿ, ಎಲ್ಲ ಬಟಾಬಯಲಾಗಿ ನಿಂತಿವೆ. ಓಡಿಹೋಗಿ ಕೈಯಿಟ್ಟೆ. ಏನೂ ಆಗಲಿಲ್ಲ. ಗೋಡೆಯೇ ಅಂಗೈಗಿಂತ ಬಿಸಿಯಾಗಿತ್ತು.

ಶೆಡ್ಡಿನ ಮೊದಲ ಜಾಗದಲ್ಲಿ ಬಂಗುಡೆ ಹರಡಿಕೊಂಡು ಕೂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದರು. ಹತ್ತು ದಿನದಿಂದ ನನಗೆ ಬಕೆಟು ಇಡಲು ಜಾಗ ಕೊಟ್ಟವರು ಅವರೇ. ನಾನು ಯಾವ ಶಾಲೆಯ ಟೀಚರೂ ಅಲ್ಲವೆಂದು ಎಷ್ಟು ಹೇಳಿದರೂ, ಶಾಲೆ ಗೋಡೆಗೆ ಚಿತ್ರ ಬರೆದವಳು ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು.

"ಟೀಚರ್, ನಿಮ್ಮ ಬಣ್ಣ ಎಂಟು ಗಂಟೆಗೇ ಓಡಿಹೋಯ್ತು," ಅಂದರು. "ನಾನು ನೋಡ್ತಾ ಇದ್ದೆ. ಮೇಲಿಂದ ಶುರುವಾಗಿ ಕೆಳಗೆ ಬಂತು."

ತಪ್ಪು ನನ್ನದೇ. ಅದು ಬಿಸಿಗೆ ಬಣ್ಣ ಕಳೆದುಕೊಳ್ಳುವ ಪುಡಿ. ಮೂವತ್ತೊಂದು ಡಿಗ್ರಿಯವರೆಗೆ ನೀಲಿ, ಅದರಿಂದ ಮೇಲೆ ಗಾಜಿನಂತೆ ಪಾರದರ್ಶಕ. ಅಂಗೈಯ ಬಿಸಿಗೆ ಸರಿಯಾದ ಲೆಕ್ಕ ಅದು. ಬಿಳಿ ಪ್ರೈಮರ್ ಎರಡು ಕೋಟು, ಅದರ ಮೇಲೆ ಸಾದಾ ಬಣ್ಣದಲ್ಲಿ ಚಿತ್ರ, ಅದರ ಮೇಲೆ ಒಂದೇ ಸಂಜೆಯಲ್ಲಿ ಪುಡಿ ಕಲಸಿದ ನೀಲಿ ಮೂರು ಕೋಟು, ಕೊನೆಗೆ ವಾರ್ನಿಷ್. ಎಲ್ಲವನ್ನೂ ಕ್ರಮವಾಗಿ ಮಾಡಿದ್ದೆ. ಆದರೆ ಬಾಯಾರಿನ ಡಿಸೆಂಬರ್ ಜಗಲಿಗೂ ಹೆದ್ದಾರಿ ಬದಿಯ ಮಾರ್ಚ್ ಗೋಡೆಗೂ ಇರುವ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ರಸ್ತೆ ಅಗಲವಾದ ಮೇಲೆ ಅಲ್ಲಿ ಒಂದು ಮರವೂ ಉಳಿದಿರಲಿಲ್ಲ. ಕೊರೊನಾ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದೇ ಜಾತಿಯ ಒಂದು ತಾಪಮಾಪಕ ನನ್ನ ಚೀಲದಲ್ಲಿತ್ತು. ಗೋಡೆಗೆ ಹಿಡಿದೆ. ನಲವತ್ತೊಂದು ತೋರಿಸಿತು. ಇನ್ನೂ ಹತ್ತು ಗಂಟೆಯೂ ಆಗಿರಲಿಲ್ಲ.

ಕೆಲಸ ಕೊಟ್ಟದ್ದು ಎರ್ನಾಕುಲಂ ಕಡೆಯ ಒಂದು ಸಂಸ್ಥೆ. ಬಿಸಿಲು, ನೀರು, ಕಡಲಕೊರೆತ, ಇಂಥದಕ್ಕೆಲ್ಲ ಏನು ಮಾಡಬಹುದು ಎಂದು ಜನರೇ ಯೋಚಿಸುವಂತೆ, ಅವರು ಮುಟ್ಟಿ ಆಡಬಹುದಾದ ಕಲೆಯನ್ನು ಸಾರ್ವಜನಿಕ ಜಾಗಗಳಲ್ಲಿ ಮಾಡಿಸುವುದು ಅವರ ಉದ್ದೇಶ. ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಎಂದು ಈ ಜಾಗವನ್ನು ನನಗೆ ಒಪ್ಪಿಸಿದ್ದರು. ಸಂಯೋಜಕಿ ನನಗಿಂತ ಚಿಕ್ಕವಳು, ಚುರುಕು; ಅಕ್ಕ ಎನ್ನುವ ಅರ್ಥದಲ್ಲಿ ನನ್ನನ್ನು ಚೇಚಿ ಎಂದು ಕರೆಯುತ್ತಿದ್ದಳು. ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವಳು ಮಲಯಾಳದಲ್ಲಿ ಕೇಳಿದಳು:

"ಚೇಚಿ, ಸಂಜೆ ಹೊತ್ತು ಕೆಲಸ ಮಾಡ್ತದಲ್ಲ? ವಿಡಿಯೊ ಸಂಜೆ ತೆಗೆದರೆ ಸಾಕಲ್ಲ?"

ನನಗೆ ಅದು ಸಾಕಾಗಲಿಲ್ಲ. ಆ ಗೋಡೆಯ ಹತ್ತಿರದ ನಿಲ್ದಾಣದಲ್ಲಿ ಜನ ಬಸ್ಸಿಗೆ ಕಾಯುವುದು ಹಗಲಿನಲ್ಲಿ.

ಅದೇ ವಾರ ಇನ್ನೊಂದು ಪೇಚಾಟ ಶುರುವಾಯಿತು. ಸಂಸ್ಥೆಯವರು ಮಲಯಾಳದಲ್ಲೂ ಕನ್ನಡದಲ್ಲೂ ಬರೆದ ಫಲಕವೊಂದನ್ನು ಕಳಿಸಿದ್ದರು. ಕನ್ನಡದಲ್ಲಿ 'ಹವಾಮಾನ ಪರಿಹಾರ ಯೋಜನೆ' ಎಂದಿತ್ತು. ಅನುವಾದದಲ್ಲಿ ದೋಷವೇನಿಲ್ಲ. ಆದರೆ ಹೆದ್ದಾರಿಗೆ ಜಾಗ ಬಿಟ್ಟುಕೊಟ್ಟ ಊರಿನಲ್ಲಿ ಪರಿಹಾರ ಎಂಬ ಮಾತಿಗೆ ಒಂದೇ ಅರ್ಥ. ಫಲಕ ಹಾಕಿದ ಮರುದಿನದಿಂದ ಜನ ನನ್ನ ಸುತ್ತ ನಿಂತರು. ಗೋಡೆಯನ್ನು ಯಾರೂ ನೋಡಲಿಲ್ಲ.

"ಇದರ ಅರ್ಜಿ ಎಲ್ಲಿ ಕೊಡುವುದು? ಇಲ್ಲಿಯಾ, ವಿದ್ಯಾನಗರದ ಕಲೆಕ್ಟರ್ ಆಫೀಸಿಗೆ ಹೋಗಬೇಕಾ?"

"ಅರ್ಜಿ ಇಲ್ಲ, ಇದು ಚಿತ್ರ."

"ಚಿತ್ರ ಸರಿ. ಪರಿಹಾರ ಯಾರಿಗೆಲ್ಲ ಸಿಗ್ತದೆ? ನಮ್ಮದು ಗಾಳಿಗೆ ಹಂಚು ಹಾರಿದ್ದುಂಟು."

ಒಬ್ಬ ಹಿರಿಯರು ರೇಷನ್ ಕಾರ್ಡಿನ ಝೆರಾಕ್ಸ್ ತಂದು ನನ್ನ ಕೈಗೇ ಕೊಟ್ಟರು. ಅದನ್ನು ಹಿಂದಿರುಗಿಸುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ನಾಲ್ಕನೆಯ ದಿನ ನಾನೇ ಏಣಿ ಹತ್ತಿ 'ಪರಿಹಾರ'ದ ಮೇಲೆ ಬಿಳಿ ಬಣ್ಣ ಹೊಡೆದೆ. ಆಮೇಲೆ ಬಂದವರು, ಪರಿಹಾರ ಇತ್ತಂತೆ, ಅಳಿಸಿದರಂತೆ, ಯಾರು ಅಳಿಸಿದ್ದು ಎಂದು ಕೇಳತೊಡಗಿದರು. ವಾರ್ಡಿನ ಮೆಂಬರ್ ಬಂದು, "ಹೀಗೆಲ್ಲ ಅಳಿಸಬಾರದಿತ್ತು ಮಾರಾಯ್ರೆ, ಈಗ ನನಗೆ ಕೇಳ್ತಾರೆ," ಎಂದು ಬೇಸರಪಟ್ಟುಕೊಂಡು ಹೋದರು.

ಗೋಡೆಯ ಗತಿ ಬದಲಾದದ್ದು ಅಕ್ಕನಿಂದ. ಒಂದು ಮಧ್ಯಾಹ್ನ ಐಸ್ ಪೆಟ್ಟಿಗೆಗೆ ಮುಚ್ಚುವ ಒದ್ದೆ ಗೋಣಿಯನ್ನು ಅವರು ಗೋಡೆಯ ಮೊಳೆಗೆ ತಗುಲಿಸಿದ್ದರು. ತೆಗೆದಾಗ ಗೋಡೆಯಲ್ಲಿ ಗೋಣಿಯ ಆಕಾರಕ್ಕೆ ಸರಿಯಾಗಿ ನೀಲಿ ಮೂಡಿತ್ತು. ಎರಡು ನಿಮಿಷದಲ್ಲಿ ಅದು ಅಂಚಿನಿಂದ ಕರಗಿ ಹೋಯಿತು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಹತ್ತಿರ ಬಂದು ನೋಡಿದರು. ಒಬ್ಬಾಕೆ ಕೊಡೆ ಬಿಡಿಸಿ ನೆರಳು ಹಿಡಿದಳು. ಐದು ನಿಮಿಷ ಹಿಡಿದರೂ ನೀಲಿ ಬರಲಿಲ್ಲ. "ನೆರಳು ಮಾತ್ರ ಸಾಕಾಗುವುದಿಲ್ಲ, ಒಳಗೆ ಹೋದ ಬಿಸಿ ಹೊರಗೆ ಬರ್ಬೇಕಲ್ಲ," ಎಂದು ಆಕೆ ತಾನೇ ಹೇಳಿಕೊಂಡಳು. ನಾನು ಸಂಸ್ಥೆಗೆ ಕಳಿಸಿದ ಮೂರು ಪುಟದ ಟಿಪ್ಪಣಿಯಲ್ಲಿ ಬರೆದಿದ್ದ ಮಾತು ಅದು.

ಅಂದಿನಿಂದ ಹತ್ತು ಹನ್ನೆರಡು ದಿನ ನನಗೆ ನಿಜವಾದ ಉತ್ಸಾಹ. ಮುಟ್ಟಿದರೆ ಚಿತ್ರ ಕಾಣುವ ಗೋಡೆ ಬೇಡ, ತಂಪು ಮಾಡಿದರೆ ನೀಲಿಯಾಗುವ ಗೋಡೆ ಇರಲಿ ಎಂದುಕೊಂಡೆ. ಆಟೊದವರು ತೆಂಗಿನ ಮಡಲು ತಂದು ಒರಗಿಸಿದರು. ಯಾರೋ ಬಾಳೆಲೆ ಅಂಟಿಸಿದರು. ಯಾವುದರ ಹಿಂದೆ ನೀಲಿ ಮೂಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ವಾದ ನಡೆಯಿತು. ಸಂಯೋಜಕಿಗೆ ಫೋಟೊ ಕಳಿಸಿದೆ. ಅವಳೂ ಖುಷಿಪಟ್ಟಳು.

ಮೂರನೆಯ ವಾರದಲ್ಲಿ ನೀಲಿ ಮಂಕಾಯಿತು. ಬೆಳಿಗ್ಗೆ ಏಳು ಗಂಟೆಗೆ, ಗೋಡೆ ತಣ್ಣಗಿದ್ದಾಗಲೂ ಅದು ಬೂದಿ ಬಣ್ಣಕ್ಕಿಂತ ಮೇಲೇಳಲಿಲ್ಲ. ಪುಡಿಯ ತಯಾರಕರಿಗೆ ಬರೆದು ಕೇಳಿದರೆ ಒಂದೇ ಸಾಲಿನ ಉತ್ತರ ಬಂತು: ನೇರ ಬಿಸಿಲಿಗೆ ತಕ್ಕುದಲ್ಲ. ವಾರ್ನಿಷ್ ತಡೆಯುತ್ತದೆ ಎಂದು ನಂಬಿದ್ದೆ. ತಡೆದದ್ದು ಮೂರು ವಾರ. ಬಿಸಿಲಿನ ಬಗ್ಗೆ ಮಾತಾಡಲು ಹೊರಟ ಗೋಡೆ ಬಿಸಿಲಿಗೇ ಸತ್ತುಹೋಗಿತ್ತು. ಅದನ್ನು ಯಾರಿಗೂ ಹೇಳಲು ನಾಚಿಕೆಯಾಗಿ ಎರಡು ದಿನ ಫೋನು ತೆಗೆಯಲಿಲ್ಲ.

ಸಂಯೋಜಕಿ ಕೊನೆಗೆ ತಾನೇ ಬಂದಳು. ಗೋಡೆ ನೋಡಿ, "ಚೇಚಿ, ಏಪ್ರಿಲ್ ಕೊನೆಗೆ ಉದ್ಘಾಟನೆ. ಸಾದಾ ಬಣ್ಣದಲ್ಲಿ ಚಂದದ ಮ್ಯೂರಲ್ ಬರೆದುಬಿಡಿ. ಪಕ್ಕದಲ್ಲಿ ಜನ ಕೈಯಚ್ಚು ಹಾಕಿ ಪ್ರತಿಜ್ಞೆ ಮಾಡ್ಲಿ. ಅದೂ ಭಾಗವಹಿಸುವುದೇ ಅಲ್ವಾ?" ಅಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳಿಗೂ ಮೇಲಿನವರಿಗೆ ತೋರಿಸುವುದಿತ್ತು.

ಅಕ್ಕ ನಮ್ಮ ಮಾತು ಕೇಳುತ್ತಾ ಬೂತಾಯಿ ಮೀನಿಗೆ ನೀರು ಚಿಮುಕಿಸುತ್ತಿದ್ದರು. "ಗೋಡೆಗೆ ಬಿಸಿಲು ಬಿದ್ರೆ ಗೋಡೆಗೇ ಬಿತ್ತು. ಗೋಡೆಗೆ ತಲೆನೋವು ಬರ್ತದಾ?" ಅಂದರು. ಆಮೇಲೆ ಗದ್ದ ಮೇಲೆತ್ತಿ ಶೆಡ್ಡಿನ ಮಾಡನ್ನು ತೋರಿಸಿದರು. "ನಮ್ಮ ತಲೆ ಮೇಲೆ ಇದೊಂದು ಕಾವಲಿ ಉಂಟು. ಇದನ್ನು ಯಾರಾದ್ರೂ ನೋಡಿದ್ದೀರಾ?"

ನಾನು ಐದು ವಾರ ಆ ಶೆಡ್ಡಿನ ನೆರಳಲ್ಲಿ ನಿಂತು ಊಟ ಮಾಡಿದ್ದೆ. ತಲೆಯೆತ್ತಿ ನೋಡಿರಲಿಲ್ಲ. ತಾಪಮಾಪಕವನ್ನು ಮೇಲಕ್ಕೆ ಹಿಡಿದೆ. ಐವತ್ತೆಂಟು.

ಮಾಡಿಗೆ ಒಂಬತ್ತು ತಗಡಿನ ಶೀಟು. ಅದರಡಿಯಲ್ಲಿ ಐವರು ಹೆಂಗಸರು. ಶೀಟುಗಳ ಅಡಿಭಾಗಕ್ಕೆ ಈ ನೀಲಿ ಬಳಿದರೆ ಅದಕ್ಕೆ ಬಿಸಿಲು ಬೀಳುವುದೇ ಇಲ್ಲ, ಬಣ್ಣ ಸಾಯುವುದಿಲ್ಲ. ನಲವತ್ತೈದು ಡಿಗ್ರಿಗೆ ಕರಗುವ ಪುಡಿಯೂ ಸಿಗುತ್ತದೆ. ಶೀಟು ಅದಕ್ಕಿಂತ ಬಿಸಿಯಾದರೆ ಒಳಗಿನ ಪ್ರೈಮರಿನ ಬಿಳಿ ಕಾಣುತ್ತದೆ, ತಣ್ಣಗಿದ್ದರೆ ನೀಲಿ. ಮೇಲೆ ಏನು ಹಾಕಿದರೆ ಕೆಳಗೆ ನೀಲಿ ಉಳಿಯುತ್ತದೆ ಎಂದು ಜನರೇ ಹಾಕಿ ನೋಡಲಿ. ಗೋಡೆಯನ್ನು ಕೈಬಿಡುತ್ತೇನೆ ಎಂದು ಅಲ್ಲಿಯೇ ಹೇಳಿದೆ. ಸಂಯೋಜಕಿ ಲಕೋಟೆಯ ಹಿಂಬದಿಯಲ್ಲಿ ನಾನು ಗೀಚಿದ ಚಿತ್ರ ನೋಡಿ, "ಉದ್ಘಾಟನೆಯ ದಿನ ವ್ಯತ್ಯಾಸ ಕಾಣ್ತದಾ?" ಎಂದು ಕೇಳಿದಳು. ಕಾಣುತ್ತದೆ ಅಂದೆ. ಆ ಒಂದು ಮಾತಿಗೆ ಆಮೇಲೆ ನಾನು ಬೆಲೆ ತೆರಬೇಕಾಯಿತು.

ಪುಡಿ ಬರಲು ಹದಿಮೂರು ದಿನ ಹಿಡಿಯಿತು. ಅಷ್ಟರಲ್ಲಿ ಶೀಟುಗಳ ಅಡಿಭಾಗ ಉಜ್ಜಬೇಕಿತ್ತು. ಜೇಡರ ಬಲೆ, ಹೊಗೆ, ತುಕ್ಕು, ವರ್ಷಗಟ್ಟಲೆಯ ಮೀನಿನ ಜಿಡ್ಡು. ಬೆಳಿಗ್ಗೆ ಹನ್ನೆರಡೂವರೆಯವರೆಗೂ ಸಂಜೆ ನಾಲ್ಕರ ನಂತರವೂ ವ್ಯಾಪಾರ ಇರುವುದರಿಂದ ನನಗೆ ಸಿಗುತ್ತಿದ್ದದ್ದು ನಡುಮಧ್ಯಾಹ್ನ ಮಾತ್ರ, ಅಂದರೆ ತಗಡು ಅತ್ಯಂತ ಕಾಯುವ ಹೊತ್ತು. ತಲೆ ಮೇಲೆತ್ತಿ ಉಜ್ಜುವಾಗ ಬೆವರು ಕಣ್ಣಿಗೆ, ತುಕ್ಕಿನ ಪುಡಿ ಬಾಯಿಗೆ. ಪ್ರೈಮರ್ ಬ್ರಶ್ಶಿನಲ್ಲೇ ಒಣಗಿ ಹಗ್ಗದಂತೆ ಎಳೆಯುತ್ತಿತ್ತು. ಎದುರಿನ ವೆಲ್ಡಿಂಗ್ ಅಂಗಡಿಯ ಕಾಕ ಏಣಿ ಕೊಟ್ಟರು. ಎರಡನೆಯ ದಿನ ನನ್ನ ಅವಸ್ಥೆ ನೋಡಲಾರದೆ ತಾವೇ ಏಣಿ ಹತ್ತಿ ಪ್ರೈಮರಿಗೆ ಥಿನ್ನರ್ ಬೆರೆಸುವ ಹದ ತೋರಿಸಿದರು.

ಮೇಲೆ ಏನು ಹಾಕುವುದು ಎಂಬುದಕ್ಕೆ ಶೆಡ್ಡಿನಲ್ಲಿ ಒಂದು ಸಭೆಯೇ ಆಯಿತು. ಒದ್ದೆ ಗೋಣಿ ಬೇಡ, ಏಪ್ರಿಲಿನಲ್ಲಿ ಕುಡಿಯಲಿಕ್ಕೇ ನೀರಿಲ್ಲ ಎಂದು ಅಕ್ಕ ಮೊದಲೇ ತಳ್ಳಿಹಾಕಿದರು. ತೆಂಗಿನ ಮಡಲು ಎರಡು ಶೀಟಿಗೆ. ಸುಣ್ಣ ಎರಡಕ್ಕೆ.

ಕಾಕ ಗಂಟಲು ಸರಿಪಡಿಸಿಕೊಂಡು, "ಸುಣ್ಣ ಎಲ್ಲ ಹಳೆಕಾಲದ್ದು ಮೇಡಂ. ಸಿಲ್ವರ್ ಪೈಂಟ್ ಹೊಡೀರಿ. ಈ ಪೇಟೆಯ ಎಲ್ಲ ಶೀಟಿಗೂ ನಾನೇ ಹೊಡೆದದ್ದು. ಬಿಸಿಲು ತಾಗಿದ ಹಾಗೆ ವಾಪಸ್ ಹೋಗ್ತದೆ," ಅಂದರು. ಸಿಲ್ವರ್ ಎರಡಕ್ಕೆ.

ಉಳಿದ ಮೂರು ಶೀಟುಗಳನ್ನು ಖಾಲಿ ಬಿಡುವುದೆಂದು ನಾನು ಹೇಳಿದೆ. ಹೋಲಿಸಿ ನೋಡಲು ಏನೂ ಹಾಕದ ತಗಡು ಬೇಕಲ್ಲ. ಪಡುಬದಿಯ ಮೂರನ್ನು ಆರಿಸಿದೆ. ಆ ಬದಿ ಬಸ್ ನಿಲ್ದಾಣಕ್ಕೆ ಎದುರಾಗಿತ್ತು. ಕಾಯುವವರಿಗೂ ಕ್ಯಾಮೆರಾಕ್ಕೂ ಚೆನ್ನಾಗಿ ಕಾಣುತ್ತದೆ. ಅದರಡಿ ಯಾರು ಕೂರುತ್ತಾರೆ ಎಂದು ಆಗ ನಾನು ಯೋಚಿಸಲಿಲ್ಲ.

ಸುಣ್ಣ ಮೊದಲ ಸಲ ಕೈಕೊಟ್ಟಿತು. ಬರೀ ನೀರಿನಲ್ಲಿ ಕಲಸಿ ಬಳಿದದ್ದು ನುಣುಪಾದ ತಗಡಿಗೆ ಹಿಡಿಯಲಿಲ್ಲ. ಮೂರನೆಯ ದಿನ ಕಡಲಗಾಳಿಗೆ ಹಕ್ಕಳೆಯೆದ್ದು ಮೀನಿನ ಬುಟ್ಟಿಗಳ ಮೇಲೆ ಹಾರಿತು. ಗಿರಾಕಿಯೊಬ್ಬ ಮೀನಿಗೆ ಏನೋ ಪುಡಿ ಹಾಕಿದ್ದಾರೆಂದು ಗಲಾಟೆ ಮಾಡಿದ. ಐವರೂ ಅಂದು ನನ್ನೊಡನೆ ಮಾತಾಡಲಿಲ್ಲ. ಮರುದಿನ ಅಕ್ಕನೇ, "ಮರುವಾಯಿ ಚಿಪ್ಪಿನ ಸುಣ್ಣ ಸಿಗ್ತದೆ, ಅದು ಹಿಡೀತದೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ," ಅಂದರು. ನಾನು ಅದಕ್ಕೆ ಬಿಳಿ ಸಿಮೆಂಟು ಸ್ವಲ್ಪ, ಮರಗೆಲಸದ ಬಿಳಿ ಅಂಟು ಸ್ವಲ್ಪ ಸೇರಿಸಿದೆ. ತಗಡನ್ನು ಮೊದಲು ಉಪ್ಪುಕಾಗದದಲ್ಲಿ ಉಜ್ಜಿ, ತೆಳ್ಳಗೆ ಎರಡು ಕೋಟು, ಬೆಳಿಗ್ಗೆ ಬಿಸಿಲೇರುವ ಮುಂಚೆ. ಈ ಸಲ ಉಗುರಿನಿಂದ ಕೆರೆದರೂ ಏಳಲಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡುವ ದಿನಗಳು ಅವು. ಬೆಳಿಗ್ಗೆ ಎಂಟಕ್ಕೆ ಇಡೀ ಮಾಡು ನೀಲಿ. ಒಂಬತ್ತೂವರೆಗೆ ಪಡುಬದಿಯ ಮೂರು ಶೀಟು ಬೆಳ್ಳಗಾಗುತ್ತಿದ್ದವು. ಹನ್ನೊಂದರ ಸುಮಾರಿಗೆ ಸಿಲ್ವರ್ ಶೀಟುಗಳ ನೀಲಿಯಲ್ಲಿ ತೂತು ಬಿದ್ದು, ಹನ್ನೆರಡಕ್ಕೆ ಪೂರ್ತಿ ಹೋಗುತ್ತಿತ್ತು. ಸುಣ್ಣದ್ದೂ ಮಡಲಿನದ್ದೂ ಸಂಜೆಯವರೆಗೆ ನೀಲಿಯಾಗಿಯೇ ಇರುತ್ತಿದ್ದವು. ಕಾಕ ಮೂರು ದಿನ ಬಂದು ನೋಡಿದರು. ಮೂರನೆಯ ದಿನ, "ನೀವು ಬಳಿದ ಸಿಲ್ವರ್ ಕಂಪನಿ ಸರಿಯಿಲ್ಲ," ಎಂದು ಹೇಳಿ, ತಮ್ಮ ಅಂಗಡಿಯ ಡಬ್ಬಿ ತಂದು ತಾವೇ ಇನ್ನೊಂದು ಕೋಟು ಹೊಡೆದರು. ಮರುದಿನ ಹನ್ನೆರಡಕ್ಕೆ ಅದೂ ಬೆಳ್ಳಗಾಯಿತು. ಆಮೇಲೆ ಎರಡು ದಿನ ಅವರು ನಮ್ಮ ಕಡೆ ಬರಲಿಲ್ಲ.

ಆದರೆ ಜನ ತಾವೇ ನೋಡಿ ಯೋಚಿಸುತ್ತಾರೆ ಎಂದು ನಾನು ಅಂದುಕೊಂಡ ಮುಖ್ಯ ಸಂಗತಿ ನಡೆಯಲಿಲ್ಲ. ಬಸ್ಸಿಗೆ ಕಾಯುವವರು ನೀಲಿಯಡಿ ಬಂದು ನಿಲ್ಲುತ್ತಿದ್ದರು, ಅಷ್ಟೇ. ಮೊಬೈಲು ನೋಡುತ್ತಿದ್ದರು, ಬಸ್ಸು ಬಂದರೆ ಹತ್ತುತ್ತಿದ್ದರು. "ಇಲ್ಲಿ ಯಾಕೆ ನಿಂತಿರಿ?" ಎಂದು ನಾನೇ ಹೋಗಿ ಕೇಳಿದರೆ, "ಎಂತಕ್ಕೆ, ನಿಲ್ಲಬಾರದಾ?" ಎಂದು ಸರಿದು ನಿಲ್ಲುತ್ತಿದ್ದರು.

ಪಡುಬದಿಯ ಖಾಲಿ ತಗಡಿನಡಿ ಕೂರುವವರು ಐವರಲ್ಲೇ ಹಿರಿಯರು, ಎಪ್ಪತ್ತರ ಹತ್ತಿರದ ಅಜ್ಜಿ. ಮೂವತ್ತು ವರ್ಷದಿಂದ ಅದು ಅವರ ಜಾಗ. ಈ ಕಡೆ ಬನ್ನಿ ಅಂದರೆ ಬರುವವರಲ್ಲ, ಗಿರಾಕಿಗಳು ಹುಡುಕುತ್ತಾರೆ ಎಂಬ ಆತಂಕ ಅವರದು. ಒಂದು ದಿನ ಅಕ್ಕ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಟೀಚರ್, ಅಜ್ಜಿಯ ಮೇಲಿನ ಶೀಟಿಗೂ ಸುಣ್ಣ ಬಳೀರಿ. ಮೊದಲಾದ್ರೆ ಎಲ್ಲರಿಗೂ ಒಂದೇ ಬಿಸಿ. ಈಗ ಅವರಿಗೆ ಮಾತ್ರ. ಅವರು ಬಾಯಿಬಿಟ್ಟು ಹೇಳುವವರಲ್ಲ."

ಸಂಯೋಜಕಿಗೆ ಫೋನು ಮಾಡಿದೆ. ಅವಳು ಗಾಬರಿಯಾದಳು. "ಚೇಚಿ, ಇನ್ನು ಐದೇ ದಿನ. ಬಿಳಿ ಇಲ್ಲದೆ ನೀಲಿಗೆ ಏನರ್ಥ? ಅತಿಥಿಗಳು ಏನು ನೋಡುವುದು?" ಅವಳು ಹೇಳಿದ್ದು ಸರಿ. ಬಿಳಿ ಇಲ್ಲದಿದ್ದರೆ ನನ್ನ ಕೆಲಸವೇ ಇಲ್ಲ. ಅಕ್ಕನಿಗೆ, "ಐದು ದಿನ ಕಳೀಲಿ ಅಕ್ಕ, ಉದ್ಘಾಟನೆ ಆದ ಕೂಡಲೇ ಬಳಿಯುವ," ಅಂದೆ. ಅವರು ತಮ್ಮ ಜಾಗಕ್ಕೆ ಹೋದರು.

ಮರುದಿನ ಹನ್ನೊಂದೂವರೆಗೆ ಅಜ್ಜಿ ಗಿರಾಕಿಗೆ ಮೀನು ಕೊಡಲು ಎದ್ದವರು ಹಾಗೆಯೇ ಕುಸಿದರು. ಬುಟ್ಟಿ ಮಗುಚಿತು. ಅಕ್ಕ ಐಸಿನ ನೀರು ತಂದು ಮುಖಕ್ಕೆ, ಕುತ್ತಿಗೆಗೆ ಒತ್ತಿದರು. ಕಾಕ ಅಂಗಡಿ ಬಿಟ್ಟು ಓಡಿಬಂದು ಆಟೊ ಕರೆದರು. ಆಟೊ ಬರುವಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟಿದ್ದರು. ಆಸ್ಪತ್ರೆಗೆ ಒಲ್ಲೆ ಅಂದರು. ಒತ್ತಾಯ ಮಾಡಿ ಕರೆದುಕೊಂಡು ಹೋದೆವು. ಡ್ರಿಪ್ ಹಾಕಿ ಸಂಜೆಗೆ ಮನೆಗೆ ಕಳಿಸಿದರು. ಆಟೊದಲ್ಲಿ ಅವರು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ನಿಮ್ಮದು ಎಂತದೋ ಪರೀಕ್ಷೆ ಉಂಟಂತಲ್ಲ. ನನ್ನಿಂದ ಹಾಳಾಗಲಿಲ್ಲ ತಾನೆ?"

ಅವರ ವಯಸ್ಸಿಗೆ, ಆ ಬೇಸಿಗೆಗೆ, ನನ್ನ ಶೀಟು ಇಲ್ಲದಿದ್ದರೂ ಅದು ಆಗಬಹುದಿತ್ತು. ಹಾಗೆಂದು ನನಗೆ ನಾನೇ ತುಂಬ ಸಲ ಹೇಳಿಕೊಂಡಿದ್ದೇನೆ. ಆದರೆ ಬಳಿಯಲು ಸುಣ್ಣ ನನ್ನ ಬಕೆಟಿನಲ್ಲಿತ್ತು, ಏಣಿ ಎದುರಿಗಿತ್ತು, ಕೇಳಿದವರಿಗೆ ಐದು ದಿನ ಕಳೆಯಲಿ ಅಂದವಳು ನಾನು.

ಮರುದಿನ ಬೆಳಿಗ್ಗೆ ಆರಕ್ಕೆ ಹೋಗಿ ಪಡುಬದಿಯ ಮೂರು ಶೀಟಿಗೂ ಸುಣ್ಣ ಬಳಿದೆ. ಸಂಯೋಜಕಿಯನ್ನು ಕೇಳಲಿಲ್ಲ. ಕಾಕ ಅಂಗಡಿಯ ಬಾಗಿಲು ತೆಗೆಯುತ್ತಾ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಏಣಿಯ ಕೆಳಗೆ ಬಂದು ನಿಂತು, "ಸುಣ್ಣ ಉಳಿದ್ರೆ ಸಿಲ್ವರ್ ಮೇಲೆಯೂ ಎಳೀರಿ ಮೇಡಂ. ಅದನ್ನೊಂದು ಯಾಕೆ ಬಿಡುವುದು?" ಅಂದರು. ಆ ಎರಡಕ್ಕೂ ಎಳೆದೆ.

ಉದ್ಘಾಟನೆಯ ದಿನ ಬಿಸಿಲು ಚೆನ್ನಾಗಿತ್ತು. ಒಂಬತ್ತೂ ಶೀಟು ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಒಂದೇ ಸಮ ನೀಲಿ. ಅತಿಥಿಗಳು ಬಂದರು, ತಲೆಯೆತ್ತಿದರು, ತಗ್ಗಿಸಿದರು. ಅವರಲ್ಲೊಬ್ಬರು, "ಎಲ್ಲಿ ಮುಟ್ಟಬೇಕು?" ಎಂದು ಕೇಳಿದರು. ಎಲ್ಲೂ ಮುಟ್ಟಬೇಕಾಗಿಲ್ಲ, ನೀಲಿ ಇದ್ದರೆ ತಂಪು ಉಂಟೆಂದು ಅರ್ಥ ಎಂದು ವಿವರಿಸಿದೆ. ಅವರು ಹೌದೌದು ಎಂದು ತಲೆಯಾಡಿಸಿ ಸುತ್ತಮುತ್ತ ಇನ್ನೇನಾದರೂ ಇದೆಯೇ ಎಂದು ನೋಡಿದರು. ಮೆಂಬರ್ ಭಾಷಣದಲ್ಲಿ, ಮೀನು ಮಾರುಕಟ್ಟೆಗೆ ಚಂದದ ಬಣ್ಣ ಹೊಡೆಸಿದ್ದಕ್ಕೆ ಸಂಸ್ಥೆಗೆ ಧನ್ಯವಾದ ಹೇಳಿದರು. ನಡುವೆ ಒಂದೆರಡು ಹೂವೋ ಮೀನೋ ಬರೆದಿದ್ದರೆ ಇನ್ನೂ ಲಾಯ್ಕ ಆಗುತ್ತಿತ್ತು ಎಂದೂ ಸೇರಿಸಿದರು. ಸಂಯೋಜಕಿ ನಗುತ್ತಲೇ ಇದ್ದಳು. ಎಲ್ಲರೂ ಹೋದ ಮೇಲೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತು, "ನನಗೆ ಒಂದು ಮಾತು ಹೇಳಬಹುದಿತ್ತು ಚೇಚಿ," ಅಂದಳು. ಅಜ್ಜಿಯ ವಿಷಯ ಹೇಳಿದೆ. ಕೇಳಿ ಅವಳ ಕಣ್ಣು ತೇವವಾಯಿತು. ಆದರೂ ಮುಂದಿನ ಊರಿನ ಕೆಲಸಕ್ಕೆ ಅವರು ನನ್ನನ್ನು ಕರೆಯಲಿಲ್ಲ. ವರದಿಯಲ್ಲಿ ನೀಲಿ ಮಾಡಿನ ಒಂದು ಫೋಟೊ ಇತ್ತು. ಅದರಡಿಯ ಎರಡು ಸಾಲು ಯಾವ ಮಾಡಿನ ಬಗ್ಗೆಯಾದರೂ ಬರೆಯಬಹುದಾದಂಥದ್ದು.

ಮಳೆಗಾಲ ಬಂದು ಹೋಯಿತು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆ. ಸುಣ್ಣ ತೊಳೆದುಹೋಗಿರುತ್ತದೆ, ಮಡಲು ಕೊಳೆತಿರುತ್ತದೆ, ನೋಡಿ ಏನು ಮಾಡಲಿ ಎಂಬ ಬೇಸರ. ಅಕ್ಟೋಬರಿನ ಕೊನೆಗೆ ಒಂದು ಅಂಗನವಾಡಿಯ ಕೆಲಸಕ್ಕೆಂದು ಹೋಗುವಾಗ ಬಸ್ಸು ಅಲ್ಲಿ ನಿಂತಿತು. ಮಧ್ಯಾಹ್ನ ಹನ್ನೆರಡು ದಾಟಿತ್ತು, ಸುಡುಬಿಸಿಲು. ಕಿಟಕಿಯಿಂದ ನೋಡಿದರೆ ಮಾಡು ನೀಲಿಯಾಗಿತ್ತು. ಇಳಿದುಬಿಟ್ಟೆ.

"ಮಳೆ ಬಿಟ್ಟ ಮೇಲೆ ಮತ್ತೆ ಬಿಳಿ ಬಿಳಿ ಆಗ್ಲಿಕ್ಕೆ ಶುರುವಾಯ್ತು," ಅಂದರು ಅಕ್ಕ. "ನಾವು ಸುಣ್ಣ ತಂದೆವು. ಕಾಕ ಬಳಿದ್ರು. ಅಂಟು ಎಷ್ಟು ಅಂತ ಅವರಿಗೆ ಗೊತ್ತಿತ್ತು."

ನನಗೆ ಒಂದು ಫೋನು ಮಾಡಬಹುದಿತ್ತಲ್ಲ ಎನಿಸಿತು. ಆ ಮಾತು ಬಾಯಿಯವರೆಗೆ ಬಂದಾಗ ಅದನ್ನು ನಾನು ಸಂಯೋಜಕಿಯ ಬಾಯಲ್ಲಿ ಕೇಳಿದ್ದೇನೆ ಎಂದು ನೆನಪಾಗಿ ನುಂಗಿಕೊಂಡೆ. ಅಜ್ಜಿ ಪಡುಬದಿಯಲ್ಲೇ ಕೂತಿದ್ದರು. ನನ್ನನ್ನು ನೋಡಿ ಕೈಯೆತ್ತಿದರು.

ಅವರ ಆಚೆ ಶೆಡ್ಡಿಗೆ ಹೊಸದಾಗಿ ಎರಡು ಶೀಟು ಜೋಡಿಸಿದ್ದರು. ಕೆಳಗೆ ಹಣ್ಣಿನ ಅಂಗಡಿ. ಗಲ್ಫಿನಿಂದ ಹಿಂದಿರುಗಿ ಈ ವ್ಯಾಪಾರ ಶುರುಮಾಡಿದ್ದ ಮೂವತ್ತೈದರ ಆಸುಪಾಸಿನವನು ಹೆಗಲ ಮೇಲಿನ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಅವನ ತಲೆಯ ಮೇಲೂ ನೀಲಿಯಿತ್ತು. ಆದರೆ ಅದು ನನ್ನ ನೀಲಿಯಲ್ಲ. ಹೊಳೆಯುವ, ಬಾಗಿಲು ಕಿಟಕಿಗೆ ಹೊಡೆಯುವ ಸಾದಾ ಪೈಂಟು.

"ನಮ್ಮದು ನೀಲಿ ಇದ್ದ ಕಾರಣ ತಂಪು ಅಂತ ಅವ ಅಂಗಡಿಯಿಂದ ನೀಲಿ ತಂದು ಹೊಡೆದ," ಅಕ್ಕ ಅಂದರು. "ನಾನು ಹೇಳಿದೆ ಹಾಗಲ್ಲ ಅಂತ. ಕೇಳ್ಲಿಲ್ಲ."

ಅವನ ಬಳಿ ಹೋಗಿ, ನೀಲಿಯಿಂದ ಏನೂ ಆಗುವುದಿಲ್ಲ ಅಂದೆ.

"ಅವರದ್ದು ನೀಲಿಯೇ ಅಲ್ವಾ? ಅಲ್ಲಿ ತಂಪುಂಟಲ್ಲ?"

"ತಂಪಿರುವ ಕಾರಣ ನೀಲಿ. ನೀಲಿ ಇರುವ ಕಾರಣ ತಂಪಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ನಿಮ್ಮದು ಯಾವ ಕಂಪನಿಯದ್ದು ಮೇಡಂ? ನಂಬರ್ ಹೇಳಿ, ಅದನ್ನೇ ತರ್ತೇನೆ."

ಅವನ ಮೇಲೆ ಸಿಟ್ಟು ಬಂತು. ಸಿಟ್ಟಿನ ನಡುವೆಯೇ ತಲೆಯೆತ್ತಿ ಅವನು ನೋಡಿದ್ದನ್ನು ನೋಡಿದೆ. ಅವನು ನಿಂತಲ್ಲಿಂದ ಕಾಣುವುದು ನೀಲಿ ಮಾತ್ರ. ಸುಣ್ಣ ಇರುವುದು ಮಾಡಿನ ಮೇಲೆ. ಅದು ರಸ್ತೆಯಿಂದಲೂ ಕಾಣುವುದಿಲ್ಲ, ಶೆಡ್ಡಿನೊಳಗಿಂದಲೂ ಕಾಣುವುದಿಲ್ಲ. ಜನರಿಗೆ ಮಾಡಲು ಸಾಧ್ಯವಿದ್ದ ಕೆಲಸವನ್ನು ನಾನು ಕಣ್ಣಿಗೆ ಬೀಳದ ಜಾಗದಲ್ಲಿಟ್ಟು, ಅವರು ಮಾಡಬೇಕಾಗಿಲ್ಲದ್ದನ್ನು ತಲೆಯ ಮೇಲೆ ಹರಡಿದ್ದೆ. ಬಸ್ಸಿಗೆ ಕಾಯುತ್ತಾ ಮೊಬೈಲು ನೋಡುತ್ತಿದ್ದವರ ಮೇಲೆ ಮುನಿಸಿಕೊಂಡಿದ್ದೆನಲ್ಲ, ಅವರಿಗೆ ನಾನು ತೋರಿಸಿದ್ದಾದರೂ ಏನು? ಇಷ್ಟು ಸರಳವಾದದ್ದು ತಿಳಿಯಲು ನನಗೆ ಇವನೊಬ್ಬ ಪೈಂಟು ಡಬ್ಬಿ ಹಿಡಿದು ಬರಬೇಕಾಯಿತು.

"ಕಂಪನಿ ಇಲ್ಲ," ಅಂದೆ. "ಸುಣ್ಣ. ಮೇಲೆ ಉಂಟು. ಹತ್ತಿ ನೋಡಬೇಕು."

"ಈಗಲಾ?"

"ಈಗಲೇ."

ಅವನು ಹಣ್ಣಿನ ಮೇಲೆ ಟವೆಲು ಹಾಸಿ, ರಸ್ತೆ ದಾಟಿ, ಕಾಕನ ಅಂಗಡಿಯಿಂದ ಏಣಿ ಹೊತ್ತು ತಂದ. ಅಜ್ಜಿ ತಮ್ಮ ಬುಟ್ಟಿಯನ್ನು ಎರಡಡಿ ಒಳಗೆ ಸರಿಸಿ ಏಣಿಗೆ ಜಾಗ ಮಾಡಿದರು. ಬಸ್ಸಿಗೆ ನಿಂತಿದ್ದ ಮೂವರು ಯಾರೂ ಕರೆಯದೆ ಬಂದು ಸುತ್ತ ನಿಂತರು. ಅವನು ಹತ್ತಿ, ಅಂಚಿನಿಂದ ತಲೆ ಮೇಲೆ ಮಾಡಿ ನೋಡಿದ. ಆಮೇಲೆ ಒಂದು ಕೈಯನ್ನು ಸುಣ್ಣದ ಶೀಟಿನ ಮೇಲೂ ಇನ್ನೊಂದು ಕೈಯನ್ನು ತನ್ನ ಶೀಟಿನ ಮೇಲೂ ಇಟ್ಟ. ಎರಡನೆಯದನ್ನು ತಟ್ಟನೆ ಎಳೆದುಕೊಂಡ.

"ಎಂತ ಉಂಟು?" ಕೆಳಗಿದ್ದವರಲ್ಲೊಬ್ಬರು ಕೇಳಿದರು.

"ನೀವೇ ಹತ್ತಿ ನೋಡಿ," ಎಂದು ಅವನು ಇಳಿಯತೊಡಗಿದ. ಕೇಳಿದವರು ಚಪ್ಪಲಿ ಬಿಚ್ಚಿ ಏಣಿಗೆ ಕಾಲಿಟ್ಟರು. ಅಷ್ಟರಲ್ಲಿ ನನ್ನ ಬಸ್ಸು ಬಂದಿತ್ತು. ಅವರದ್ದೂ ಅದೇ ಬಸ್ಸು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ನಾವಿಬ್ಬರೂ ಹೋಗಲಿಲ್ಲ.